ಒಬ್ಬನೇ ಎಂದವನು

ತಖಿಯಾ ಅಜ್ಜಿಯ ಮನೆಯ ಬಾಗಿಲಿಗೆ ಹೊರಗಡೆ ಹಿಡಿಕೆಯೇ ಇಲ್ಲ. ಕಲ್ಲಿನ ಎತ್ತರದ ಮನೆ ಅದು. ತಳದಲ್ಲಿ ಕುರಿಗಳು, ಅದರ ಮೇಲೆ ಜೋಳದ ಚೀಲಗಳು, ಅದರ ಮೇಲೆ ಮಕ್ಕಳು ಮೊಮ್ಮಕ್ಕಳು, ಎಲ್ಲಕ್ಕಿಂತ ಮೇಲೆ, ಮೋಡದ ಪಕ್ಕದಲ್ಲಿ, ಅಜ್ಜಿ. ಕೆಳಗೆ ಬಾಗಿಲು ಬಡಿದರೆ ಮೇಲಿನ ಕಿಟಕಿಯಿಂದ ಕೂಗು ಬರುತ್ತದೆ. ಉತ್ತರ ಹಿಡಿಸಿದರೆ ಅಜ್ಜಿ ಅಲ್ಲಿಂದಲೇ ಹಗ್ಗ ಎಳೆಯುತ್ತಾಳೆ, ಅಗುಳಿ ಮೇಲೇಳುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ.

ನಾನು ಕಡಲ ತೀರದ ಪಟ್ಟಣದಿಂದ ಈ ಬೆಟ್ಟದ ಊರಿಗೆ ಸೊಸೆಯಾಗಿ ಬಂದವಳು. ಮಧ್ಯಾಹ್ನದ ಹೊತ್ತು ಹೆಂಗಸರೆಲ್ಲ ಅಜ್ಜಿಯ ಕೋಣೆಯಲ್ಲಿ ಸೇರುತ್ತಾರೆ, ನೀನೂ ಹೋಗು ಎಂದು ಅತ್ತೆ ಹೇಳಿ ಕಳುಹಿಸಿದ್ದಳು. ನಮ್ಮ ಮನೆಗೂ ಅಜ್ಜಿಯ ಮನೆಗೂ ನಡುವೆ, ಕಣಿವೆಯ ಬಾಯಲ್ಲಿ, ಈಗಿನ ಯುದ್ಧದವರ ಕಾವಲು ಕಟ್ಟೆಯಿದೆ. ಅಲ್ಲಿ ಬಂದೂಕು ಹಿಡಿದು ನಿಂತವರಿಗೆ ಮೀಸೆ ಬಂದಷ್ಟು ತಾಳ್ಮೆ ಬಂದಿಲ್ಲ. ಅದನ್ನು ದಾಟಿ ಬರುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತ್ತು. ಹನಿ ಮಾತ್ರ ಇನ್ನೂ ಬಿದ್ದಿರಲಿಲ್ಲ.

ಬಾಗಿಲು ಬಡಿದೆ.

"ಯಾರದು? ಎಷ್ಟು ಜನ?"

"ನಾನು ಲುತ್ಫಿಯಾ, ಅಜ್ಜೀ! ನಾನೊಬ್ಬಳೇ!"

ಎದುರು ಬೆಟ್ಟದ ಕಡೆಯಿಂದ ಢಂ ಎಂದು ಒಂದು ಸದ್ದು ಬಂತು. ಗುಡುಗಿರಬೇಕು ಅಂದುಕೊಂಡೆ. ಆಮೇಲೆ ಹಗ್ಗ ಬಿಗಿಯಾಗಿ ಬಾಗಿಲು ತೆರೆಯಿತು.

ಮೆಟ್ಟಿಲು ಹತ್ತಿ ಹೋಗಿ ಕುಳಿತೆ. ಶುಂಠಿ ಹಾಕಿ ಕುದಿಸಿದ ಕಾಫಿ ಸಿಪ್ಪೆಯ ಕಷಾಯವನ್ನು ಅಜ್ಜಿ ಎರಡು ಬಟ್ಟಲಿಗೆ ಬಗ್ಗಿಸಿ ಎರಡನ್ನೂ ನನ್ನ ಮುಂದೆಯೇ ಇಟ್ಟಳು.

"ನನಗೆ ಒಂದು ಸಾಕು ಅಜ್ಜಿ."

"ನಿನಗೆ ಒಂದೇ ಕೊಟ್ಟಿರೋದು," ಎಂದಳು.

ಪಕ್ಕದ ಮನೆಯ ಹುರಿಯಾ ಹುಕ್ಕಾದ ನಳಿಕೆ ಕಚ್ಚಿಕೊಂಡೇ ನಕ್ಕಳು. ಆಗ ಮಳೆ ಹಿಡಿಯಿತು. ಹಿಡಿಯಿತು ಎಂದರೆ, ಬೆಟ್ಟದ ಮೆಟ್ಟಿಲು ಹೊಲಗಳ ಮೇಲಿನಿಂದ ನೀರು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹಾರುವ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳದಾಯಿತು. ಇನ್ನು ಯಾರೂ ಮನೆಗೆ ಹೋಗುವಂತಿರಲಿಲ್ಲ. ಹೆಂಗಸರು ದಿಂಬುಗಳನ್ನು ಎಳೆದುಕೊಂಡು ಅಜ್ಜಿಯ ಹತ್ತಿರಕ್ಕೆ ಸರಿದರು. ಅಜ್ಜಿ ಕಾಲು ಚಾಚಿ, ಕಿಟಕಿಯ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಏ ಕಡಲ ಕಡೆಯೋಳೇ, ನಿಮ್ಮೂರಲ್ಲಿ ದೆವ್ವಗಳು ಯಾವಾಗ ಬರ್ತವೆ? ಕತ್ತಲಾದ ಮೇಲಾ? ಸೋಮಾರಿಗಳು. ಹಗಲೆಲ್ಲಾ ಮಲಗಿದ್ದು ಸಂಜೆ ಎದ್ದು ಬರೋದೂ ಒಂದು ಬರೋದಾ? ನಮ್ಮ ಬೆಟ್ಟದ ದೆವ್ವ ಹಗಲು ಹೊತ್ತೇ ಬರುತ್ತೆ. ಊಟದ ಹೊತ್ತಿಗೆ ಸರಿಯಾಗಿ, ಚಪ್ಪಲಿ ಹೊರಗೆ ಬಿಟ್ಟು, ಸಲಾಂ ಹೇಳಿ... ಸಲಾಂ ಕೇಳಿಸಲ್ಲ, ಅಷ್ಟೇ.

ನಮ್ಮನೆಯವನು ಮುಕ್ಬಿಲನನ್ನ ನೀನು ನೋಡಿಲ್ಲ. ನೀನು ಬರೋ ಮುಂಚೆಯೇ ಮಣ್ಣಿಗೆ ಹೋದ. ಅವನ ಮೂಗು ಎಷ್ಟು ಉದ್ದ ಅಂದ್ರೆ, ಅವನು ಸಂತೆಯಿಂದ ಬರುವಾಗ ಮೂಗು ಇಳಿಹೊತ್ತಿನ ಅಸರ್ ನಮಾಜಿಗೆ ಮನೆ ತಲುಪಿದ್ರೆ ಉಳಿದ ಮೈ ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜಿಗೆ ತಲುಪ್ತಿತ್ತು."

"ಹೋದ ಸಲ ಮೂಗು ಇಷ್ಟು ಉದ್ದ ಇರಲಿಲ್ಲ ಅಜ್ಜಿ," ಎಂದಳು ಹುರಿಯಾ.

"ಸತ್ತ ಮೇಲೆ ಬೆಳೆದಿದೆ ಕಣೇ. ನಿನ್ನ ಗಂಡನ ಹೊಟ್ಟೆ ಬದುಕಿರುವಾಗಲೇ ಬೆಳೆದಿಲ್ವಾ? ಸುಮ್ನೆ ಹುಕ್ಕಾ ಎಳಿ.

ಆಗ ದೇಶ ಎರಡು ಸೀಳಾಗಿತ್ತು. ಅರ್ಧ ಜನ ಹಳೇ ದೊರೆ ಇಮಾಮನೇ ಆಳಲಿ ಅಂದ್ರು, ಅರ್ಧ ಜನ ಇಮಾಮ ಹೋಗಿ ಗಣರಾಜ್ಯ ಬರಲಿ ಅಂದ್ರು. ಗಣರಾಜ್ಯ ಅಂದ್ರೆ ಏನು ಅಂತ ನಮ್ಮೂರಲ್ಲಿ ಯಾರಿಗೆ ಗೊತ್ತಿತ್ತು? ನಮ್ಮತ್ತೆ ಅಂತೂ ಅದು ಯಾವುದೋ ಹೆಂಗಸು, ಭಾರಿ ಚೆಲುವೆ ಇರ್ಬೇಕು, ಇಲ್ದಿದ್ರೆ ಇಷ್ಟು ಗಂಡಸರು ಮನೆ ಬಿಟ್ಟು ಹಿಂದೆ ಹೋಗ್ತಿದ್ರಾ ಅಂತಿದ್ಲು. ನಮ್ಮೂರು ಗಣರಾಜ್ಯದ ಕಡೆ ನಿಂತಿತು. ಎದುರು ಬೆಟ್ಟದ ಊರು, ಅದೋ ಮಳೆಯಲ್ಲಿ ಕಾಣಿಸ್ತಿಲ್ಲ ಈಗ, ಅದು ಇಮಾಮನ ಕಡೆ ನಿಂತಿತು. ನಿನ್ನೆವರೆಗೆ ಒಂದೇ ಸಂತೆಯಲ್ಲಿ ಒಂದೇ ತಕ್ಕಡಿಗೆ ಒಣದ್ರಾಕ್ಷಿ ಸುರಿದೋರು... ಬೆಳಗಾಗೋದ್ರಲ್ಲಿ ಒಬ್ಬರ ತಲೆಗೆ ಒಬ್ಬರು ಗುರಿ ಇಟ್ಟು ಕೂತ್ರು. ಯಾಕೆ ಅಂತ ಕೇಳಿದ್ರೆ ಇಬ್ಬರಿಗೂ ಗೊತ್ತಿಲ್ಲ. ಗೊತ್ತಿದ್ದೋರು ಪಟ್ಟಣದಲ್ಲಿ ಕುರ್ಚಿ ಮೇಲಿದ್ರು.

ಕಪ್ಪು ಕಲ್ಲಿನ ದಿಣ್ಣೆ ಹಿಡೀಬೇಕು ಅಂತ ನಮ್ಮ ಗಂಡಸರನ್ನ ಕಳಿಸಿದ್ರು. ಮುಕ್ಬಿಲ ಹೋದ, ಅವನ ಚಿಕ್ಕಪ್ಪನ ಮಗ ಕಾಯಿದ ಹೋದ, ಕಾಯಿದನ ತಮ್ಮ ಹೋದ. ಸಿನಾನ್ ಅಂತ ಒಬ್ಬನಿದ್ದ, ಕತ್ತೆ ಹಾಗೆ ಕೂಗ್ತಿದ್ದ. ಎಷ್ಟು ಚೆನ್ನಾಗಿ ಅಂದ್ರೆ, ಅವನು ಕೂಗಿದ್ರೆ ಆಚೆ ಊರಿನ ಹೆಣ್ಣು ಕತ್ತೆಗಳು ಹಗ್ಗ ಕಿತ್ಕೊಂಡು ಬಂದು ಇವನ ಮನೆ ಮುಂದೆ ನಾಚಿಕೊಂಡು ನಿಲ್ತಿದ್ವು! ಅವನೂ ಹೋದ. ಇನ್ನೊಬ್ಬ ಹೊಸ ಮದುಮಗ, ಅಂಗೈ ಮದರಂಗಿ ಇನ್ನೂ ಮಾಸಿರಲಿಲ್ಲ. ಹಾಡು ಹೇಳ್ಕೊಂಡು, ತಲೆಬಟ್ಟೆಗೆ ಕಾಮಕಸ್ತೂರಿ ಸಿಕ್ಕಿಸ್ಕೊಂಡು, ಮದುವೆ ದಿಬ್ಬಣದ ಹಾಗೆ ಹೋದ್ರು ಕಣ್ರೇ.

ಬೆಳಗ್ಗೆ ಮೊದಲ ಗುಂಡಿಗೇ ಕಾಯಿದನ ತಮ್ಮ ಬಿದ್ದ. ಕಾಯಿದ ಅವನನ್ನ ಹೊತ್ಕೊಂಡು ಕಣಿವೆ ಬಾಯಿಗೆ ಇಳಿದ, ಅಲ್ಲೇ ಕಾವಲಿಗೆ ಕೂತ. ಉಳಿದೋರು ದಿಣ್ಣೆ ಹತ್ತಿದ್ರು. ಹತ್ತಿ, ಗೆದ್ವಿ ಅಂತ ಬಂದೂಕು ಮೇಲೆತ್ತಿ ಕುಣೀತಿದ್ದಾಗ... ವಿಮಾನ ಬಂತು. ನಮ್ಮ ಕಡೆ ವಿಮಾನವೇ! ಎಷ್ಟು ದೊಡ್ಡದು ಅಂದ್ರೆ ಅದರ ನೆರಳು ಬಿದ್ದ ಊರುಗಳಲ್ಲಿ ಆ ವರ್ಷ ಕೋಳಿ ಮೊಟ್ಟೆ ಇಡ್ಲಿಲ್ಲ. ನಮ್ಮೋರು ಕೈ ಬೀಸಿದ್ರು. ಮೇಲಿಂದ ನೋಡೋನಿಗೆ ತಲೆಬಟ್ಟೆಯಲ್ಲಿ ಇಮಾಮ ಯಾವುದು, ಗಣರಾಜ್ಯ ಯಾವುದು? ಕೈ ಬೀಸಿದ ಕಡೆಗೇ ಬಾಂಬು ಬಿಟ್ಟ.

ಅಲ್ಲಿ ಏನಾಯ್ತು ಅಂತ ಮುಕ್ಬಿಲ ನನಗೆ ಒಂದೇ ಒಂದು ಸಲ ಹೇಳಿದ. ನಾನು ಎಲ್ಲದಕ್ಕೂ ಉಪ್ಪು ಖಾರ ಹಚ್ತೀನಿ, ನಿಮಗೇ ಗೊತ್ತು. ಇದಕ್ಕೆ ಹಚ್ಚಲ್ಲ. ಮಣ್ಣು ಬಾಯಿಗೆ ಬಂತಂತೆ, ಬಿಸಿ ಮಣ್ಣು, ಹೊಸದಾಗಿ ಸುಟ್ಟ ರೊಟ್ಟಿ ಬಿಸಿ. ಕಿವಿಯಲ್ಲಿ ಏನೂ ಇಲ್ಲ. ಎದ್ದು ನೋಡಿದ್ರೆ ಬೆಟ್ಟ ಬೇರೆ ಆಕಾರ. ಮದರಂಗಿ ಹಚ್ಚಿದ ಕೈ ಒಂದು ಕಲ್ಲಿನ ಮೇಲೆ ಇತ್ತಂತೆ, ಯಾರೋ ಮರೆತು ಹೋದ ಹಾಗೆ. ಇವನು ಹೊಗೆಯಲ್ಲಿ ತೆವಳ್ತಾ ಸಿನಾನನನ್ನ ಕರೆದ. 'ಸಿನಾನ್, ಕತ್ತೆ ಹಾಗೆ ಒಂದ್ಸಲ ಕೂಗೋ ಮಾರಾಯಾ, ಎಲ್ಲಿದ್ದೀಯ ಗೊತ್ತಾಗ್ಲಿ' ಅಂದ. ಕೂಗೋ, ಕೂಗೋ ಅಂತ ಗಂಟಲು ಹರಿಯೋವರೆಗೆ ಬೇಡ್ಕೊಂಡ...

ಯಾರೂ ಕೂಗಲಿಲ್ಲ."

ಅಜ್ಜಿ ತನ್ನ ಬಟ್ಟಲು ಎತ್ತಿ ಒಂದು ಗುಟುಕು ಕುಡಿದಳು.

"ಬಾಯಾರಿಕೆ ಅಂದ್ರೆ ಏನು ಅಂತ ಆವತ್ತು ಅವನಿಗೆ ಗೊತ್ತಾಯ್ತು. ದಿಣ್ಣೆ ಆಚೆ ಒಂದು ಬತ್ತಿದ ನೀರಿನ ತೊಟ್ಟಿ, ಅದರೊಳಗೆ ಉರುಳಿ ಬಿದ್ದ. ಬಿದ್ರೆ... ಅಲ್ಲಿ ಮೊದಲೇ ಒಬ್ಬ ಕೂತಿದಾನೆ! ತೊಡೆಗೆ ಗುಂಡು ತಾಗಿದೆ, ತಲೆಬಟ್ಟೆಯಲ್ಲಿ ಕಾಮಕಸ್ತೂರಿ ಕಡ್ಡಿ, ಮಡಿಲಲ್ಲಿ ತುಂಬಿದ ನೀರಿನ ಚೀಲ. ಎದುರು ಬೆಟ್ಟದವನು, ಇಮಾಮನ ಕಡೆಯವನು. ಹಿಜಾಮ ಅಂತ ಹೆಸರು. ಮುಕ್ಬಿಲ ಬಂದೂಕು ಎತ್ತಿದ. ಅವನು ಏನಂದ ಗೊತ್ತಾ? 'ಮೊದಲು ನೀರು ಕುಡಿ, ಆಮೇಲೆ ಹೊಡಿ. ಒಣ ಬಾಯಲ್ಲಿ ಗುರಿ ತಪ್ಪುತ್ತೆ. ಆ ಮೂಗು ಅಡ್ಡ ಬೇರೆ ಬರುತ್ತೆ ನಿನಗೆ' ಅಂದ!

ಹೇಳ್ರೇ, ಇಂಥವನನ್ನ ಹೊಡೆಯೋದು ಹೇಗೆ? ಇವನು ಕುಡಿದ. ಅರ್ಧ ಚೀಲ ಕುಡಿದ. ಗಡ್ಡದಿಂದ ನೀರು ತೊಟ್ಟಿಕ್ತಿರುವಾಗ ಹಿಜಾಮ ಇವನ ತಲೆಬಟ್ಟೆ ಅಂಚು ಹಿಡಿದು ಕೇಳಿದ: 'ನಿನ್ನ ಮುಖ ಕೊಡ್ತೀಯಾ?'

ಲುತ್ಫಿಯಾ, ನಿನಗೋಸ್ಕರ ಹೇಳ್ತೀನಿ, ಮೀನು ತಿನ್ನೋರಿಗೆ ಇದೆಲ್ಲಾ ಗೊತ್ತಿರಲ್ಲ. ನಮ್ಮ ಬೆಟ್ಟದಲ್ಲಿ ಒಬ್ಬ ಇನ್ನೊಬ್ಬನಿಗೆ ಮುಖ ಕೊಟ್ಟ ಅಂದ್ರೆ, ಆವತ್ತಿಂದ ಇವನು ಅವನ ದಾರಿಯ ಸಂಗಡಿಗ. ಅವನ ಮನೆ ಹೊಸ್ತಿಲು ಮುಟ್ಟೋವರೆಗೆ ಅವನ ಮೈಗೆ ಮುಳ್ಳು ಚುಚ್ಚಿದ್ರೂ ಇವನ ಮುಖಕ್ಕೆ ಮಸಿ. ಶತ್ರು ಆಗ್ಲಿ, ಕೊಲೆಗಾರ ಆಗ್ಲಿ, ಕೇಳೋ ಹಾಗಿಲ್ಲ. ದಾರಿಯಲ್ಲಿ ಕಾವಲಿನವರು ಯಾರದು ಅಂದ್ರೆ, ಮುಖ ಕೊಟ್ಟೋನು ಗಟ್ಟಿಯಾಗಿ ಕೂಗ್ಬೇಕು, 'ನಾವಿಬ್ಬರು, ನಾನೂ ನನ್ನ ಸಂಗಡಿಗನೂ' ಅಂತ. ಕೂಗಿದ ತಕ್ಷಣ ಸಂಗಡಿಗ ಎದ್ದು ನಿಂತು ಮುಖ ತೋರಿಸ್ಬೇಕು, ಅವಿತುಕೊಳ್ಳೋ ಹಾಗಿಲ್ಲ. ಅಷ್ಟಾದ್ರೆ ಮುಗೀತು, ತಮ್ಮನನ್ನ ಕೊಂದೋನು ಎದುರಿಗೆ ನಿಂತಿದ್ರೂ ಬಂದೂಕು ಕೆಳಗಿಳೀಬೇಕು. ಕೊನೆಗೆ ಅವನ ಹೊಸ್ತಿಲಲ್ಲಿ ಅವನು ಹೇಳ್ಬೇಕು: 'ದೇವರು ನಿನ್ನ ಮುಖ ಬೆಳಗಿಸ್ಲಿ, ನಾನು ತಲುಪಿದೆ.' ಆ ಮಾತು ಅವನ ಬಾಯಿಂದ ಬಂದ ಮೇಲೇ ಇವನಿಗೆ ಬಿಡುಗಡೆ. ಬರೋವರೆಗೆ ಇಲ್ಲ. ತಿಳೀತಾ?

ಮುಕ್ಬಿಲ ಕೊಟ್ಟ. ಸೊಂಟದ ಜಂಬಿಯಾ ಬಾಕುವಿನ ಹಿಡಿ ಮುಟ್ಟಿ, 'ನಿನ್ನ ಹೊಸ್ತಿಲವರೆಗೆ ನೀನು ನನ್ನ ಮುಖದಲ್ಲಿದ್ದೀಯ' ಅಂದ.

ಅವನನ್ನ ಹೆಗಲಿಗೆ ಆನಿಸ್ಕೊಂಡು ಹೊರಟ. ದಾರಿಯುದ್ದಕ್ಕೂ ಇಬ್ಬರೂ ಬೈದಾಡ್ಕೊಂಡು ಬಂದ್ರಂತೆ. ಅವನು, 'ನಿಮ್ಮೂರ ಜೋಳದ ರೊಟ್ಟಿಯಲ್ಲಿ ಮನೆ ಕಟ್ಟಬಹುದು' ಅಂದ. ಇವನು, 'ನಿಮ್ಮೂರ ಹೆಂಗಸರು ಮೆಂತ್ಯದ ನೊರೆ ಕಲಸಿದ್ರೆ ಕತ್ತೆ ಮೈ ತೊಳೆದ ನೀರು' ಅಂದ. ಅವನು ನಕ್ಕ. ನಕ್ಕಾಗ ಮುಂದಿನ ಹಲ್ಲೊಂದು ಮುರಿದಿದ್ದು ಕಾಣಿಸ್ತು. ಅಷ್ಟು ಜನ ಸತ್ತ ದಿನ ನಗಬಹುದಾ ಅಂತ ಇಬ್ಬರಿಗೂ ನಾಚಿಕೆಯಾಗಿ, ಮತ್ತೆ ನಗು ಬಂತಂತೆ.

ಹಿಜಾಮನ ಊರಿಗೆ ದಾರಿ ಕಣಿವೆ ಬಾಯಿ ಮೇಲೇ, ಅಲ್ಲಿಗೆ ಬರುವಾಗ ಮಂಜು ಇಳೀತು. ಮಧ್ಯಾಹ್ನವೇ, ಆದ್ರೆ ನಾಲ್ಕು ಹೆಜ್ಜೆ ಆಚೆ ಇರೋರು ಬರೀ ನೆರಳು. ಇವನು ಹಿಜಾಮನನ್ನ ಒಂದು ಕಲ್ಲು ಗೋಡೆ ಹಿಂದೆ ಕೂರಿಸಿ ನಾಲ್ಕು ಹೆಜ್ಜೆ ಮುಂದೆ ಹೋದ. ಮೇಲಿಂದ ಕೂಗು ಬಂತು. 'ಯಾರದು? ಎಷ್ಟು ಜನ?'

ಕಾಯಿದನ ಧ್ವನಿ. ತಮ್ಮನ ರಕ್ತ ಇನ್ನೂ ಅಂಗಿ ಮೇಲೆ ಇದ್ದ ಕಾಯಿದ.

ಮುಕ್ಬಿಲನ ತಲೆಯಲ್ಲಿ ಏನು ಓಡಿತೋ! ಇಷ್ಟೆಲ್ಲಾ ಸತ್ತ ಮೇಲೆ ಹಳೇ ಕಟ್ಟಳೆ ಉಳಿದಿರುತ್ತಾ, ನಮ್ಮ ಮೇಲೆ ನಮ್ಮದೇ ವಿಮಾನ ಬಾಂಬು ಹಾಕೋ ಕಾಲದಲ್ಲಿ ಯಾರು ಯಾರ ಮುಖಕ್ಕೆ ಬೆಲೆ ಕೊಡ್ತಾರೆ, ಇಬ್ಬರು ಅಂದ್ರೆ ಇನ್ನೊಬ್ಬ ಯಾರು ಅಂತಾನೆ, ಹೆಸರು ಹೇಳಿದ್ರೆ ಹೊಡೀತಾನೆ. ಮೊದಲು ನಾನು ಹೋಗಿ ಕಾಯಿದನನ್ನ ಸಮಾಧಾನ ಮಾಡಿ, ಆಮೇಲೆ ಅವನನ್ನ ಕರ್ಕೊಂಡು ಹೋದ್ರಾಯ್ತು... ಇಷ್ಟೇ ಯೋಚನೆ. ಕೆಟ್ಟ ಯೋಚನೆ ಅಂತೀರಾ? ಬಾಯಿ ಬಿಟ್ಟ.

'ನಾನೊಬ್ಬನೇ!'

ಅದೇ ಗಳಿಗೆಗೆ, ಹಿಂದುಗಡೆ, ಹಿಜಾಮ ಎದ್ದು ನಿಂತ.

ಯಾಕೆ ನಿಂತ? ಕಟ್ಟಳೆ ಹಾಗಿದೆ ಕಣ್ರೇ, ಅದಕ್ಕೆ ನಿಂತ! ಮುಖ ಕೊಟ್ಟೋನು ಬಾಯಿ ತೆರೆದಾಗ ಇಬ್ಬರು ಅಂತಾನೇ ಹೇಳ್ತಾನೆ, ಬೇರೆ ಮಾತು ಬರೋಕೆ ಸಾಧ್ಯವೇ ಇಲ್ಲ ಅಂತ ನಂಬಿ, ಒಂದು ಕಾಲ ಮೇಲೆ ಗೋಡೆ ಹಿಡಿದು ಎದ್ದು ನಿಂತ. ಕಾಯಿದನಿಗೆ ಏನು ಕಾಣಿಸ್ತು? ಒಬ್ಬನೇ ಅಂದವನ ಹಿಂದೆ ಮಂಜಿನಲ್ಲಿ ಇನ್ನೊಂದು ಆಕಾರ. ಒಬ್ಬನೇ ಅಂದ ಮೇಲೆ ಇನ್ನೊಬ್ಬ ಶತ್ರು ತಾನೇ? ಬೆನ್ನಿಗೆ ಬಿದ್ದವನು ತಾನೇ?

ಢಂ. ಒಂದೇ ಗುಂಡು.

ಕಾಯಿದ ಓಡಿ ಬಂದು ನೋಡಿದ. ಮುಕ್ಬಿಲ ಹೆಣದ ತಲೆ ಮಡಿಲಲ್ಲಿಟ್ಕೊಂಡು ಕೂತಿದಾನೆ. 'ಇವನು ನನ್ನ ಮುಖದಲ್ಲಿದ್ದ' ಅಂದ. ಕಾಯಿದ ತನ್ನ ತಲೆಬಟ್ಟೆ ಕಿತ್ತು ನೆಲಕ್ಕೆ ಬಡಿದ. 'ಚಿಕ್ಕಪ್ಪನ ಮಗನೇ, ಏನು ಮಾಡಿಬಿಟ್ಟೆ! ತಮ್ಮನ ರಕ್ತ ನನ್ನ ಕಣ್ಣಲ್ಲಿದ್ರೂ, ಇಬ್ಬರು ಅಂತ ಒಂದು ಮಾತು ಅಂದಿದ್ರೆ ನಾನು ಬಂದೂಕು ಇಳಿಸ್ತಿರಲಿಲ್ವಾ? ನನ್ನನ್ನ ಏನು ಅಂದ್ಕೊಂಡೆ? ನಾಯಿ ಅಂದ್ಕೊಂಡ್ಯಾ?' ಅಂದ.

ನೋಡ್ರೇ, ಅಷ್ಟು ಸಾವು ನೋಡಿದ ದಿನವೂ ಕಟ್ಟಳೆ ಸತ್ತಿರಲಿಲ್ಲ. ಕಾಯಿದ ನಂಬಿದ್ದ, ಹಿಜಾಮ ನಂಬಿದ್ದ. ನಂಬದೇ ಹೋದವನು ಮುಖ ಕೊಟ್ಟವನೊಬ್ಬನೇ.

ಗೋಡೆ ಪಕ್ಕದಲ್ಲೇ ಹೂತು, ಮೇಲೆ ಕಲ್ಲು ಜೋಡಿಸಿದ್ರು.

ಈಗ ನನ್ನ ಭಾಗ. ಇದನ್ನ ನಾನು ನನ್ನ ಕಣ್ಣಾರೆ ಕಂಡಿದ್ದು, ಇದಕ್ಕೆ ಉಪ್ಪು ಖಾರ ಹಚ್ತೀನಿ, ಬೇಕಾದ್ರೆ ತಿನ್ನಿ, ಇಲ್ದಿದ್ರೆ ಬಿಡಿ. ನಾನು ಮಾಳಿಗೆ ಮೇಲೆ ಜೋಳ ಒಣಗಿಸ್ತಿದ್ದೆ. ಕೆಳಗಿನ ದಾರಿಯಲ್ಲಿ ಇಬ್ಬರು ಬರ್ತಿದಾರೆ. ಮುಂದೆ ಮೂಗು, ಅಂದ್ರೆ ನಮ್ಮನೆಯವನು. ಹಿಂದೆ ಇನ್ನೊಬ್ಬ, ಕಾಲು ಎಳ್ಕೊಂಡು. ಸದ್ಯ, ಬದುಕಿ ಬಂದ, ಜೊತೆಗೆ ನೆಂಟನನ್ನೂ ತಂದ ಅಂತ ಓಡಿ ಹೋಗಿ ಎರಡು ಬಟ್ಟಲು ತೊಳೆದಿಟ್ಟೆ. ಬಾಗಿಲು ಬಡಿದ. 'ಯಾರದು? ಎಷ್ಟು ಜನ?' ಅಂದೆ. 'ನಾನೊಬ್ಬನೇ' ಅಂದ. ಅಂದಿದ್ದೇ ತಡ, ಎದುರು ಬೆಟ್ಟದಲ್ಲಿ ಢಂ!

ಹಗ್ಗ ಎಳೆದೆ. ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಒಂದು ಸರಿಯಾದ ಹೆಜ್ಜೆ, ಹಿಂದೆ ಒಂದು ಎಳೆಯೋ ಹೆಜ್ಜೆ. ಕೋಣೆಗೆ ಬಂದವನು ಒಬ್ಬನೇ. ಜೊತೆಗೆ ಬಂದಿದ್ದು ಕಾಮಕಸ್ತೂರಿ ವಾಸನೆ, ಮೂಗಿಗೆ ಹೊಡೆಯೋ ಹಾಗೆ. 'ನೆಂಟ ಎಲ್ಲಿ?' ಅಂದೆ. 'ಯಾವ ನೆಂಟ? ನಾನೊಬ್ಬನೇ' ಅಂದ. ಮತ್ತೆ ಢಂ! ಕುರಿಗಳು ಕಿರುಚಿದ್ವು.

ಹೀಗೇ ಆಯ್ತು. ಮಸೀದಿಗೆ ಹೋದ್ರೆ ಜನ ಇವನ ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು ನಿಲ್ತಾರೆ. ಯಾಕೆ ಬಿಟ್ರಿ ಅಂದ್ರೆ, ಯಾರೋ ಇದ್ರಲ್ಲ ಅಂತಾರೆ. ಯಾರಾದ್ರೂ 'ನೀವಿಬ್ಬರೂ ಚೆನ್ನಾಗಿದ್ದೀರಾ' ಅಂತ ಕೇಳಿದ್ರೆ ಇವನಿಗೆ ಬೆವರು. 'ನಾನೊಬ್ಬನೇ, ಒಬ್ಬನೇ!' ಅಂತ ಕೂಗೋದು, ಆ ಕಡೆ ಗುಂಡು ಹಾರೋದು. ಊರಿನವರು ಶತ್ರು ಬಂದ ಅಂತ ದಿನಾ ಬಂದೂಕು ಹಿಡ್ಕೊಂಡು ಮಾಳಿಗೆ ಹತ್ತೋರು. ಇವನು ತೆಳ್ಳಗಾಗಿ ಮೂಗೊಂದೇ ಉಳೀತು.

ಒಂದು ಮಧ್ಯಾಹ್ನ ಊರ ನೀರಿನ ತೊಟ್ಟಿ ಮೆಟ್ಟಿಲಲ್ಲಿ ನಾನೂ ಅವನೂ ಇದ್ವಿ. ಅವನು ಮುಖ ತೊಳೆಯೋಕೆ ಬಗ್ಗಿದ. ನಾನು ಪಕ್ಕದಲ್ಲಿ ಕೊಡ ಮುಳುಗಿಸ್ತಿದ್ದೆ. ನೀರಲ್ಲಿ ನೋಡ್ತೀನಿ... ನನ್ನ ಮುಖ ಇದೆ. ನನ್ನ ಗಂಡನ ಮುಖ ಇರ್ಬೇಕಾದ ಜಾಗದಲ್ಲಿ ಬೇರೆ ಯಾರೋ. ಚಿಕ್ಕ ಮೂಗು. ತಲೆಬಟ್ಟೆಯಲ್ಲಿ ಹಸಿರು ಕಡ್ಡಿ. ನನ್ನನ್ನ ನೋಡಿ ನಕ್ಕ, ಮುಂದಿನ ಹಲ್ಲು ಮುರಿದಿತ್ತು.

ನಾನು ಕೊಡ ಬಿಟ್ಟೆ. 'ಮುರುಕು ಹಲ್ಲಿನವನು ಯಾರು?' ಅಂದೆ. ಆಗ ಅವನು ಮೆಟ್ಟಿಲ ಮೇಲೇ ಕುಸಿದು ಎಲ್ಲಾ ಹೇಳಿದ. ನಿಮಗೆ ಹೇಳಿದ್ನಲ್ಲ, ಅಷ್ಟೂ.

ಪೂರ್ತಿ ಕೇಳಿ ನಾನು ಅಂದೆ, 'ಅವನು ನಿನ್ನ ಕಾಡ್ತಿಲ್ಲ ಕಣೋ. ಮನೆಗೆ ಹೋಗೋಕೆ ಕಾಯ್ತಿದಾನೆ. ಕರ್ಕೊಂಡು ಹೋಗು.'

'ಅವನ ಮನೆಯವರು ನನ್ನನ್ನ ಹೊಸ್ತಿಲಲ್ಲೇ ಕೊಲ್ತಾರೆ ತಖಿಯಾ.'

'ಕೊಂದ್ರೆ ಮುಖ ಇರೋ ಗಂಡ ಸತ್ತ ಅಂತ ಅಳ್ತೀನಿ. ಈಗ ನೀನು ಸತ್ರೆ ಯಾರಿಗೆ ಅಂತ ಅಳ್ಲಿ? ನೀರಿಗೇ ನಿನ್ನ ಗುರುತಿಲ್ಲ' ಅಂದೆ.

ಕಠಿಣ ಅಂತೀರಾ? ಆಗ ನಾನು ಹದಿನೆಂಟರ ಹುಡುಗಿ. ನನ್ನ ಬಾಯಿಗೆ ಹೆದರಿ ಬೆಟ್ಟದ ಚಿರತೆ ಊರು ಬಿಟ್ಟಿತ್ತು.

ಮಾರನೇ ದಿನ ಬೆಳಗ್ಗೆ ಹೊರಟ್ವಿ. ನಾನು ಮುಂದೆ. ಯುದ್ಧ ಎಷ್ಟೇ ಇರ್ಲಿ, ಹೆಂಗಸಿನ ಮೇಲೆ ಗುಂಡು ಹಾರಿಸಿದವನಿಗೆ ನಮ್ಮಲ್ಲಿ ಯಾರೂ ಹೆಣ್ಣು ಕೊಡಲ್ಲ, ಅವನ ಮೊಮ್ಮಕ್ಕಳಿಗೂ ಕೊಡಲ್ಲ. ಕಣಿವೆ ಬಾಯಿಗೆ ಬಂದ್ವಿ. ಕಲ್ಲು ಜೋಡಿಸಿದ ಗೋರಿ. ಮೇಲೆ ಅದೇ ಕಾಯಿದ. 'ಯಾರದು? ಎಷ್ಟು ಜನ?'

ಮುಕ್ಬಿಲ ನನ್ನ ಹಿಂದೆ ಹೆಜ್ಜೆ ನಿಲ್ಲಿಸಿದ. ನಾನು ತಿರುಗಿ ನೋಡ್ಲಿಲ್ಲ. ನೋಡಿದ್ರೆ ಅವನ ಬದಲು ನಾನೇ ಕೂಗಿಬಿಡ್ತಿದ್ದೆ. ಅದು ಅವನೇ ಕೂಗ್ಬೇಕಾದ ಮಾತು. ಹಿಂದೆ ಉಸಿರು ಎಳ್ಕೊಂಡ ಸದ್ದು... ಆಮೇಲೆ, ಅಬ್ಬಾ, ಎಂಥ ಕೂಗು! ಏಳು ಬೆಟ್ಟದ ಆಚೆ ತೊಟ್ಟಿಲ ಮಕ್ಕಳು ಎದ್ದು ಅತ್ವಂತೆ.

'ನಾವಿಬ್ಬರು! ನಾನೂ, ನನ್ನ ಮುಖದಲ್ಲಿರೋ ಹಿಜಾಮನೂ!'

ಗುಂಡಿನ ಸದ್ದು ಬರಲಿಲ್ಲ. ಮೊದಲ ಸಲ ಎದುರು ಬೆಟ್ಟ ಸುಮ್ಮನಿತ್ತು. ಗೋಡೆ ಪಕ್ಕದಲ್ಲಿ ಕಲ್ಲೊಂದು ಉರುಳಿದ ಸದ್ದು, ಯಾರೋ ಕೈಯೂರಿ ಎದ್ದ ಹಾಗೆ. ಕಾಯಿದ ಮುಕ್ಬಿಲನನ್ನ ನೋಡ್ದ, ಮುಕ್ಬಿಲನ ಹಿಂದೆ ನೋಡ್ದ, ಬಂದೂಕು ನೆಲಕ್ಕಿಟ್ಟ. 'ಹೋಗಿ... ಇಬ್ಬರೂ ಹೋಗಿ' ಅಂದ. ನನ್ನನ್ನ ಎಣಿಸ್ಲೇ ಇಲ್ಲ! ಸತ್ತವನ ಲೆಕ್ಕ ಇದೆ, ಮುಂದೆ ನಿಂತ ಹೆಂಗಸಿನ ಲೆಕ್ಕ ಇಲ್ಲ, ಹೀಗಿರ್ತಾರೆ ಗಂಡಸರು.

ಆಚೆ ಊರು. ಹಿಜಾಮನ ಮನೆ ಮುಂದೆ ಅವನ ಇಬ್ಬರು ಮಾವಂದಿರು ಬಂದೂಕು ಹಿಡಿದು ನಿಂತ್ರು. ಬಾಗಿಲಲ್ಲಿ ಅವನ ತಾಯಿ, ಕಡ್ಡಿ ಹಾಗಿದ್ಲು. ಮುಕ್ಬಿಲ ತಲೆಬಟ್ಟೆ ತೆಗೆದು ನೆಲಕ್ಕಿಟ್ಟ, ಅದರ ಮೇಲೆ ಜಂಬಿಯಾ ಇಟ್ಟ. 'ನಿಮ್ಮ ಮಗ ನನಗೆ ನೀರು ಕೊಟ್ಟ, ನಾನು ಮುಖ ಕೊಟ್ಟೆ. ಕಣಿವೆ ಬಾಯಲ್ಲಿ ಒಬ್ಬನೇ ಅಂದೆ. ಅದಕ್ಕೆ ಸತ್ತ. ಹೊಡೆದ ಕೈ ಬೇರೆ, ಕೊಂದ ಬಾಯಿ ನಂದು. ತಲುಪಿಸೋಕೆ ಬಂದಿದೀನಿ' ಅಂದ.

ದೊಡ್ಡ ಮಾವ ಬಂದೂಕಿಗೆ ಗುಂಡು ಏರಿಸಿದ. ಟಕ್.

ತಾಯಿ ಕೈ ಎತ್ತಿದ್ಲು. ಮುಕ್ಬಿಲನನ್ನ ಕೇಳಿದ್ಲು, 'ನನ್ನ ಮಗ ನಿನ್ನನ್ನ ಬಿಟ್ಟನಾ? ಆ ಮಾತು ಹೇಳಿದನಾ?'

'ಇಲ್ಲ.'

ಆಗ ಆ ತಾಯಿ ನಮ್ಮ ಹಿಂದಿನ ಖಾಲಿ ದಾರಿ ನೋಡ್ಕೊಂಡು, ಮಗ ಕಾಡಿಂದ ಸೌದೆ ತಂದು ನಿಂತಿದಾನೇನೋ ಅನ್ನೋ ಹಾಗೆ ಅಂದ್ಲು, 'ಹಿಜಾಮಾ, ಬಂದ್ಯಾ? ಕಾಲು ನೋಯ್ತಿದ್ಯಾ? ಬಾ, ಒಳಗೆ ಬಾ. ಇವನ ದಾರಿ ಮುಗೀತು ಅಂತ ಹೇಳ್ತೀಯಾ ಮಗನೇ?'

ಎಲ್ರೂ ಕಾದ್ವಿ. ಕಾಮಕಸ್ತೂರಿ ವಾಸನೆ ನನ್ನ ಭುಜ ದಾಟಿ ಹೋಯ್ತು. ಹೊಸ್ತಿಲ ಹತ್ರ ನಿಂತಿತು. ಒಳಗೆ ನೀರಿನ ಹೂಜಿ ಅಲ್ಲಾಡಿ ಗೋಡೆಗೆ ತಾಗ್ತು. ಮಾತು ಮಾತ್ರ... ಬರಲಿಲ್ಲ. ಕಾದ್ವಿ. ಬರಲಿಲ್ಲ.

ತಾಯಿ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಅಣ್ಣಂದಿರ ಕಡೆ ತಿರುಗಿದ್ಲು. 'ಬಂದೂಕು ಇಳಿಸ್ರೋ. ಹೇಳಲ್ವಂತೆ. ಅವನು ಬಿಡುಗಡೆ ಕೊಡೋವರೆಗೆ ಇವನು ನನ್ನ ಮಗನ ಸಂಗಡಿಗ. ದಾರಿ ಮುಗಿಯದ ಸಂಗಡಿಗನ ಮೈ ಮುಟ್ಟಿದ್ರೆ ನಮ್ಮ ಮುಖಕ್ಕೇ ಮಸಿ.'

'ಇವನ ದಾರಿ ಯಾವಾಗ ಮುಗಿಯುತ್ತೆ?' ಅಂತ ಮಾವ ಹಲ್ಲು ಕಡಿದ.

'ನನ್ನ ಮಗ ಹೇಳಿದಾಗ.'

ಅರ್ಥವಾಯ್ತಾ ಹುಡುಗಿಯರಾ? ಆ ಮಾತು ಹೇಳಿದ್ರೆ ಮುಕ್ಬಿಲ ಅಲ್ಲೇ ಸಾಯ್ತಿದ್ದ. ಅದಕ್ಕೇ ಹೇಳಲಿಲ್ಲ ಅವನು. ಇವನು ಒಂದು ಮಾತಿಂದ ಅವನನ್ನ ಕೊಂದ. ಅವನು ಒಂದು ಮಾತು ನುಂಗಿ ಇವನನ್ನ ಉಳಿಸ್ದ.

ತಾಯಿ ಇಬ್ಬರಿಗೂ ಕಷಾಯ ತಂದಿಟ್ಟಳು, ಎರಡು ಬಟ್ಟಲು. ಮುಕ್ಬಿಲ ಕುಡೀತಾ ಕುಡೀತಾ ಹಸುಗೂಸಿನ ಹಾಗೆ ಅತ್ತ. ಬರುವಾಗ ತೊಟ್ಟಿ ನೀರಲ್ಲಿ ಬಗ್ಗಿ ನೋಡ್ದೆ. ನನ್ನ ಮುಖ, ಅವನ ಮುಖ, ಮೂಗು ಸಮೇತ. ಪಕ್ಕದಲ್ಲಿ ಮೂರನೇದು, ಮುರುಕು ಹಲ್ಲು ಬಿಟ್ಕೊಂಡು.

ಆಮೇಲೆ ಯುದ್ಧ ಇನ್ನೂ ಎಷ್ಟೋ ವರ್ಷ ನಡೀತು. ಮುಕ್ಬಿಲ ಮತ್ತೆ ಬಂದೂಕು ಮುಟ್ಟಲಿಲ್ಲ. ಎಲ್ಲಿಗೆ ಹೋದ್ರೂ 'ನಾವಿಬ್ಬರು' ಅಂತಿದ್ದ. ಬಸ್ಸು ಬಂದ ಕಾಲಕ್ಕೆ ಪಕ್ಕದ ಸೀಟಿಗೆ ಶಾಲು ಹಾಸಿ ಹಿಡಿದಿಡ್ತಿದ್ದ, ಜನ ಬೈಯ್ಯೋರು. ಕೂರೋಕೆ ಬಂದವರು ಶಾಲು ಬಿಸಿ ಇದೆ ಅಂತ ಎದ್ದು ಹೋಗೋರು. ಸಾಯೋ ದಿನ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ, 'ಈಗಲಾದ್ರೂ ಹೇಳೋ, ಇನ್ಯಾರು ಕೊಲ್ತಾರೆ ನನ್ನ' ಅಂದ. ನಾನು ಕಿವಿಗೊಟ್ಟು ಕೂತಿದ್ದೆ."

"ಹೇಳಿದನಾ?" ಎಂದೆ.

"ಹಠಮಾರಿ. ಹೇಳಲಿಲ್ಲ. ಮುಕ್ಬಿಲ ನಗ್ತಾ ಹೋದ. ಈಗ ಮುಖ ಕೊಟ್ಟವನಿಲ್ಲ, ಕೊಟ್ಟ ಮುಖದ ಹೊಣೆ ಮನೆಗೆ ಬಿತ್ತು. ಈ ಬಾಗಿಲಿಗೆ ಬರೋರು, ಹೋಗೋರು, ಎಲ್ರೂ ಹಿಜಾಮನ ಸಂಗಡಿಗರೇ." ಅಜ್ಜಿ ನನ್ನ ಕಡೆ ಬಾಗಿದಳು. "ಲುತ್ಫಿಯಾ, ಬಾಗಿಲಲ್ಲಿ ಒಬ್ಬಳೇ ಅಂದೆಯಲ್ಲ, ಆಗ ಏನು ಕೇಳಿಸ್ತು?"

"ಗುಡುಗು ಅಜ್ಜಿ."

"ಗುಡುಗು ಉರುಳುತ್ತೆ ಕಣೇ, ಬಂಡೆ ಉರುಳಿದ ಹಾಗೆ. ಅದು ಉರುಳ್ತಾ?"

ಉರುಳಿರಲಿಲ್ಲ. ನನ್ನ ಮುಂದಿನ ಎರಡನೇ ಬಟ್ಟಲು ಖಾಲಿಯಾಗಿತ್ತು, ತಳದಲ್ಲಿ ಶುಂಠಿಯ ಚೂರು ಮಾತ್ರ. ಹುರಿಯಾ ಕುಡಿದಿರಬೇಕೆಂದು ನಾನು ಈಗಲೂ ನಂಬಿದ್ದೇನೆ. ಹುರಿಯಾ ಮಾತ್ರ ಆಣೆ ಹಾಕುತ್ತಾಳೆ.

ಮಳೆ ನಿಂತು ಎದುರು ಬೆಟ್ಟದ ಮೇಲೆ ಸಂಜೆಯ ಬಿಸಿಲು ಬಿದ್ದಾಗ ಹೊರಟೆ. ಕೆಳಗಿಳಿಯುವ ಹಾದಿಯಲ್ಲಿ ನೀರು ಹರಿಯುತ್ತಿತ್ತು, ನನ್ನ ಹೆಜ್ಜೆಯ ಸದ್ದೇ ನನಗೆ ಕೇಳುತ್ತಿರಲಿಲ್ಲ. ಒದ್ದೆ ಮಣ್ಣಿನ ವಾಸನೆಯ ನಡುವೆ ಎಲ್ಲಿಂದಲೋ ಕಾಮಕಸ್ತೂರಿ. ಯಾರದೋ ಕಿಟಕಿಯ ಕುಂಡದಲ್ಲಿರಬೇಕು.

ಕಾವಲು ಕಟ್ಟೆಯವನು ಬಂದೂಕು ಎತ್ತಿದ. "ಯಾರದು? ಎಷ್ಟು ಜನ?"

ನಾನು ಬಾಯಿ ತೆರೆಯುವ ಮೊದಲೇ ಮೇಲಿನ ಕಿಟಕಿಯಿಂದ ಕಣಿವೆ ತುಂಬುವ ಕೂಗು ಬಂತು. "ಇಬ್ಬರು ಕಣಪ್ಪಾ! ನಮ್ಮನೆಯೋರು! ಇಬ್ಬರು!"

"ಕಾಣ್ತಿದಾರೆ ಅಜ್ಜೀ!" ಎಂದು ಅವನೂ ಕೂಗಿ ಬಂದೂಕು ಇಳಿಸಿದ. ನಾನು ಪಕ್ಕದಲ್ಲಿ ಹಾದು ಹೋಗುವಾಗ ಮೆಲ್ಲಗೆ, ದೂರುವವನ ಹಾಗೆ ಹೇಳಿದ: "ಸ್ವಲ್ಪ ನಿಧಾನ ಹೋಗಕ್ಕಾ. ಹಿಂದಿರೋರು ಪಾಪ ಕಾಲು ಎಳ್ಕೊಂಡು ಬರ್ತಿದಾರೆ."

ಮೇಲಿನ ಕಿಟಕಿಯಲ್ಲಿ ಅಜ್ಜಿ ನಕ್ಕ ಸದ್ದು.

"ಓಡಬೇಡ ಅಂತ ಹೇಳಪ್ಪಾ ಅವಳಿಗೆ! ಅವನಿಗೆ ಓಡೋಕಾಗಲ್ಲ!"